ಪಿಕಪ್ ಬದಲಿಸಿದ ಪುಕ್ಕಲ

ಧೈರ್ಯವಂತರಿಗೆ ತಮ್ಮ ಧೈರ್ಯದ ಲೆಕ್ಕ ಗೊತ್ತಿರುವುದಿಲ್ಲ. ಎಂದು, ಎಷ್ಟು ಗಂಟೆಗೆ, ಯಾವುದಕ್ಕೆ ಹೆದರಿದೆ ಎಂಬುದು ಕರಾರುವಾಕ್ಕಾಗಿ ನೆನಪಿರುವುದು ಪುಕ್ಕಲರಿಗೆ ಮಾತ್ರ. ನಾನಂತೂ ನೆನಪನ್ನೂ ನಂಬುವವನಲ್ಲ, ಬರೆದಿಡುತ್ತೇನೆ. ದಿನಚರಿಯ ಪ್ರತಿ ಪುಟದ ಬಲಗಡೆ ಒಂದು ಗೆರೆ ಎಳೆದು, ಅಂದಿನ ಹೆದರಿಕೆಗಳನ್ನು ಅದರಾಚೆ ನಮೂದಿಸುತ್ತೇನೆ. ಕಳೆದ ವರ್ಷ ಒಟ್ಟು ನಾನೂರ ಹನ್ನೆರಡು ಸಲ ಹೆದರಿದ್ದೇನೆ. ನಾಯಿಗೆ ಅರವತ್ತೊಂದು ಸಲ, ಮ್ಯಾನೇಜರಿಗೆ ಎಂಬತ್ತಮೂರು ಸಲ, ಲಿಫ್ಟು ನಡುವೆ ನಿಂತೀತೆಂದು ನಲವತ್ತು ಸಲ, ಅಮ್ಮ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿದ್ದಕ್ಕೆ ಇಪ್ಪತ್ತೆರಡು ಸಲ. ಅಮ್ಮನ ಆ ಇಪ್ಪತ್ತೆರಡು ಫೋನುಗಳಲ್ಲಿ ಹತ್ತೊಂಬತ್ತು ಮಿಕ್ಸಿಯ ವಿಷಯಕ್ಕೆ ಬಂದವು. ಆದರೂ ಇಪ್ಪತ್ತಮೂರನೆಯದಕ್ಕೆ ನಾನು ಹೆದರುವವನೇ. ಈ ವರ್ಷ ಮಾತ್ರ ನಾಯಿ, ಮ್ಯಾನೇಜರ್, ಲಿಫ್ಟು ಎಲ್ಲವನ್ನೂ ಹಿಂದೆ ಹಾಕಿ ಒಂದು ಹೊಸ ವಸ್ತು ಮೇಲೆ ಬಂದಿದೆ. ಬರೀ ಎಂಟು ವಾರಗಳಲ್ಲಿ ಅದಕ್ಕೆ ತೊಂಬತ್ನಾಲ್ಕು ಸಲ ಹೆದರಿದ್ದೇನೆ. ನೋಡಲು ಅದು ಒಂದು ಚಾಕೊಲೇಟ್ ತುಂಡಿನಷ್ಟಿದೆ. ಹೆಸರು ಪಿಕಪ್.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಎಲೆಕ್ಟ್ರಿಕ್ ಗಿಟಾರ್ ತಾನಾಗಿ ಸದ್ದು ಮಾಡುವ ವಾದ್ಯವಲ್ಲ. ಅದು ಆರು ತಂತಿ ಬಿಗಿದ ಒಂದು ಹಲಗೆ. ತಂತಿಗಳ ಕೆಳಗೆ ಹಲಗೆಯಲ್ಲಿ ಹುಗಿದಿಟ್ಟ ಪಿಕಪ್ಪುಗಳೇ ಅದರ ಕಿವಿ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ತಂತಿ ನಡುಗಿದರೆ ಇದು ಆ ನಡುಕವನ್ನು ಕರೆಂಟು ಮಾಡಿ ಆಂಪ್ಲಿಫೈಯರಿಗೆ ಕಳಿಸುತ್ತದೆ. ನಡುಗುವುದನ್ನೇ ಕೆಲಸ ಮಾಡಿಕೊಂಡ ಈ ಉಪಕರಣದ ಮೇಲೆ ನನಗೆ ಮೊದಲಿನಿಂದಲೂ ಒಂದು ಬಗೆಯ ಸಹಾನುಭೂತಿ ಇದೆ. ನನ್ನ ಗಿಟಾರಿನಲ್ಲಿ ಇಂಥವು ಎರಡು. ಕತ್ತಿನ ಕಡೆಯದು ಗುಂಡಗೆ, ಮೆತ್ತಗೆ ನುಡಿಯುತ್ತದೆ. ಕೆಳಗಡೆಯದು ಚೂಪಾಗಿ ನುಡಿಯುತ್ತದೆ. ಒಂದು ಪುಟ್ಟ ಸ್ವಿಚ್ಚು ಇದೆ. ಮೇಲೆ ತಳ್ಳಿದರೆ ಮೊದಲನೆಯದು, ಕೆಳಗೆ ತಳ್ಳಿದರೆ ಎರಡನೆಯದು, ನಡುವೆ ನಿಲ್ಲಿಸಿದರೆ ಎರಡೂ.

ನಮ್ಮ ಮನೆತನವೇ ಕರೆಂಟಿಗೆ ಹೆದರುವ ಮನೆತನ. ತುಮಕೂರಿನ ಮನೆಯಲ್ಲಿ ಅಪ್ಪ ಒಂದು ಬಲ್ಬ್ ಬದಲಿಸಬೇಕಾದರೆ ಮೇನ್ ಸ್ವಿಚ್ ಆರಿಸಿ, ಪಕ್ಕದ ಮನೆಯವರಿಗೂ ಹೇಳಿ ಬರುತ್ತಿದ್ದರು. ಅವರ ಮನೆಯ ಕರೆಂಟಿಗೂ ನಮ್ಮ ಬಲ್ಬಿಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ನಾನು ಹೈದರಾಬಾದಿಗೆ ಕೆಲಸಕ್ಕೆ ಬಂದು, ಮೊದಲ ಸಲ ಎಲೆಕ್ಟ್ರಿಕ್ ಗಿಟಾರ್ ಕೊಂಡ ಸುದ್ದಿ ಹೇಳಿದಾಗ ಅಮ್ಮ ಕೇಳಿದ ಪ್ರಶ್ನೆ ಒಂದೇ: "ಬಾರಿಸುವಾಗ ರಬ್ಬರ್ ಚಪ್ಪಲಿ ಹಾಕ್ಕೊಂಡಿರ್ತೀಯ ತಾನೆ?" ಅಂದಿನಿಂದ ಇಂದಿನವರೆಗೆ ಹಾಕಿಕೊಂಡೇ ಬಾರಿಸುತ್ತಿದ್ದೇನೆ.

ನಾನು ಉಪ್ಪಲ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಬೇರೆಯವರು ಮಾಡಿದ ಕೆಲಸದಲ್ಲಿ ಹುಳುಕು ಹುಡುಕುವುದು ನನ್ನ ವೃತ್ತಿ. ನಮ್ಮ ಕಚೇರಿಯಲ್ಲಿ ಮೂವರ ಒಂದು ಪುಟ್ಟ ಬ್ಯಾಂಡ್ ಇದೆ. ಅದನ್ನು ಕಟ್ಟಿದವರು ಹುಬ್ಬಳ್ಳಿಯ ವೈಶಾಲಿ ಅಕ್ಕ. ಅವರು ನನಗಿಂತ ಎಂಟು ವರ್ಷ ಹಿರಿಯರು, ಬಿಲ್ಲಿಂಗ್ ವಿಭಾಗದವರು, ಹಾಡುವುದು ಬ್ಲೂಸ್ ಮತ್ತು ರಾಕ್. ಹಾಡುಗಳನ್ನು ಅವರೇ ಕಟ್ಟುತ್ತಾರೆ. ಮೆಟ್ರೊ ಬದಲಿಸುವ ನೂಕುನುಗ್ಗಲಿನ ಮೇಲೆ ಅವರು ಕಟ್ಟಿದ "ಅಮೀರ್‌ಪೇಟಿಯಾಗ ಇಳಿಯಾಕ ಬಿಡ್ರಿ, ನನ್ನ ಒಂದ ಚಪ್ಪಲಿ ಒಳಗ ಉಳದೈತ್ರಿ" ಎಂಬ ಬ್ಲೂಸ್ ಹಾಡು ನಮ್ಮ ಕಚೇರಿಯಲ್ಲಿ ಕನ್ನಡ ಬಾರದವರಿಗೂ ಬಾಯಿಪಾಠ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಬೇಗಂಪೇಟೆಯ ಒಂದು ವಾಣಿಜ್ಯ ಕಟ್ಟಡದ ಹಿಂದಿನ ಕೋಣೆಯಲ್ಲಿ ನಮ್ಮ ಅಭ್ಯಾಸ. ವಾರದ ನೂರ ಅರವತ್ತೆಂಟು ಗಂಟೆಗಳಲ್ಲಿ ನಾನು ತಡವಾದರೆ "ಎಲ್ಲಿ ಸತ್ತೀಯೋ?" ಎಂದು ಫೋನ್ ಮಾಡಿ ವಿಚಾರಿಸುವ ಜನರಿರುವುದು ಆ ಮೂರು ಗಂಟೆಗಳಲ್ಲಿ ಮಾತ್ರ. ಉಳಿದ ನೂರ ಅರವತ್ತೈದು ಗಂಟೆ ಯಾರೂ ನನ್ನನ್ನು ಕಾಯುವುದಿಲ್ಲ. ಈ ಲೆಕ್ಕವನ್ನು ದಿನಚರಿಯಲ್ಲಿ ಒಂದೇ ಸಲ ಮಾಡಿದ್ದೇನೆ. ಎರಡನೇ ಸಲ ಮಾಡುವ ಮನಸ್ಸಾಗಲಿಲ್ಲ.

ತೊಂದರೆ ಏನೆಂದರೆ ನನ್ನ ಗಿಟಾರಿನ ಕಿವಿ ಬಹಳ ಚುರುಕು. ಅದಕ್ಕಿದ್ದುದು ಒಂದೇ ಸುರುಳಿಯ ಹಳೇ ಮಾದರಿಯ ಪಿಕಪ್ಪುಗಳು. ದನಿಯೇನೋ ಸ್ವಚ್ಛ, ಬ್ಲೂಸಿಗೆ ಹೇಳಿ ಮಾಡಿಸಿದಂಥದ್ದು. ಆದರೆ ಅವು ತಂತಿಯ ಜೊತೆಗೆ ಟ್ಯೂಬ್‌ಲೈಟನ್ನೂ ಕೇಳುತ್ತವೆ, ಫ್ಯಾನಿನ ರೆಗ್ಯುಲೇಟರನ್ನೂ ಕೇಳುತ್ತವೆ, ಯಾರದೋ ಜೇಬಿನ ಮೊಬೈಲನ್ನೂ ಕೇಳುತ್ತವೆ. ಕೇಳಿದ್ದನ್ನೆಲ್ಲ ಸೇರಿಸಿ 'ಗುಂಯ್' ಎಂದು ಊರಿಗೆ ಹೇಳುತ್ತವೆ. ಈ ಗುಂಯ್‌ಗೆ ಒಂದು ವಿಚಿತ್ರ ಗುಣವಿದೆ. ನೀವು ನಿಂತ ದಿಕ್ಕು ಬದಲಿಸಿದರೆ ಅದು ಹೆಚ್ಚುಕಡಿಮೆಯಾಗುತ್ತದೆ. ನಾನು ಬೇಗಂಪೇಟೆಯ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದು, ಹದಿನೈದು ಡಿಗ್ರಿಗೊಂದು ಗೆರೆ ಎಳೆದು, ಪ್ರತಿ ಗೆರೆಯ ಮೇಲೂ ನಿಂತು ಗುಂಯ್‌ಗೆ ಹತ್ತರಲ್ಲಿ ಅಂಕ ಕೊಟ್ಟೆ. ಎರಡೇ ದಿಕ್ಕಿನಲ್ಲಿ ಅದು ಸೊನ್ನೆಗಿಳಿಯಿತು. ಒಂದು ದಿಕ್ಕಿನಲ್ಲಿ ಡ್ರಮ್ಸ್ ಬಾರಿಸುವ ಶ್ರೀನು ಇದ್ದ. ಅವನ ತಾಳದ ತಟ್ಟೆ ನನ್ನ ಮೂಗಿಗೆ ಒಂದು ಗೇಣು ದೂರ. ಇನ್ನೊಂದು ದಿಕ್ಕಿನಲ್ಲಿ ಗೋಡೆ. ಎರಡು ವರ್ಷ ನಾನು ಗೋಡೆಗೆ ಮುಖ ಮಾಡಿ ಬ್ಲೂಸ್ ನುಡಿಸಿದೆ. ಶ್ರೀನು ಅದನ್ನು ವಾಸ್ತು ಎಂದು ತಿಳಿದು ಬಹಳ ದಿನ ಗೌರವಿಸಿದ. ವೈಶಾಲಿ ಅಕ್ಕ ಗೌರವಿಸಲಿಲ್ಲ.

"ಏನಪಾ ಮಧು, ಗ್ವಾಡಿ ಜೋಡಿ ಲಗ್ನ ಆಗೀಯೇನ? ಒಮ್ಮೆರ ಈ ಕಡೆ ಹೊಳ್ಳಿ ನೋಡೋ. ನಾವೂ ಮನಷ್ಯಾರ ಅದೀವಿ."

"ಹೊಳ್ಳಿದರೆ ಗುಂಯ್ ಅನ್ನುತ್ತೆ ಅಕ್ಕಾ."

"ಅನ್ನಲಿ ಬಿಡು. ನಿನ್ನಕಿಂತ ಅದರ ದನೀನ ಜೋರ ಐತಿ."

ಹೋದ ವರ್ಷ ಕಚೇರಿಯ ವಾರ್ಷಿಕೋತ್ಸವದ ವೇದಿಕೆಯಲ್ಲಿ ಗುಂಯ್ ಇಲ್ಲದ ದಿಕ್ಕು ಅಡ್ಡಕ್ಕೆ ಬಂತು. ಇಡೀ ಅರ್ಧ ಗಂಟೆ ನಾನು ಪಕ್ಕದ ಪರದೆಯನ್ನೇ ನೋಡುತ್ತ ನುಡಿಸಿದೆ. ಆ ದಿನದ ಹದಿನೇಳು ಫೋಟೋಗಳಲ್ಲಿ ನನ್ನ ಎಡಗಿವಿ ಮಾತ್ರ ಚೆನ್ನಾಗಿ ಬಂದಿದೆ. ಮುಂದಿನ ಸಾಲಿನಲ್ಲಿದ್ದ ನಿರ್ದೇಶಕರು, "ಆ ಹುಡುಗ ಯಾರಿಗೋ ಕಾಯುತ್ತಿದ್ದ, ಬಂದರೇ?" ಎಂದು ಆಮೇಲೆ ಕಳಕಳಿಯಿಂದ ವಿಚಾರಿಸಿದರಂತೆ.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಜೂನ್ ಎಂಟು, ಭಾನುವಾರ, ಹತ್ತು ಗಂಟೆ ಐದು ನಿಮಿಷಕ್ಕೆ ಕೋಣೆಯ ಬಾಗಿಲು ತೆರೆದು ಕಾರ್ತಿಕ್ ಒಳಗೆ ಬಂದ. ವಾರಂಗಲ್ ಕಡೆಯವನು, ನಮ್ಮ ಕಚೇರಿಗೆ ಹೊಸದಾಗಿ ಸೇರಿದವನು, ನನಗಿಂತ ಮೂರು ವರ್ಷ ಚಿಕ್ಕವನು. ಬೆನ್ನ ಮೇಲೆ ಗಿಟಾರ್. ಸುಮ್ಮನೆ ನೋಡಿ ಹೋಗಲು ಬಂದೆ ಅಂದ. ವೈಶಾಲಿ ಅಕ್ಕ "ಬಂದೀ ಅಂದಮ್ಯಾಲ ಒಂದ ಹಾಡ ಬಾರಿಸೇ ಹೋಗು" ಎಂದರು. ಅವನು ಬಾರಿಸಿದ. ಕೈ ಇನ್ನೂ ಹಸಿ, ಎರಡು ಕಡೆ ತಾಳ ತಪ್ಪಿದ. ಆದರೆ ಅವನ ಗಿಟಾರಿನಲ್ಲಿ ಗುಂಯ್ ಇರಲಿಲ್ಲ. ಅವನು ಜನರ ಕಡೆ ಮುಖ ಮಾಡಿ ನಿಂತಿದ್ದ. ಸಾಲದ್ದಕ್ಕೆ ನಗುತ್ತಲೂ ಇದ್ದ. ಅವನು ಹೋದ ಮೇಲೆ ಅಕ್ಕ ನನ್ನ ಪಕ್ಕ ಬಂದು ಕೂತರು. ಅವರು ಬೈಯುವಾಗ ನಿಂತಿರುತ್ತಾರೆ. ಕೂತರೆಂದರೆ ವಿಷಯ ಗಂಭೀರ.

"ಮಧು, ನೇರ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಈ ಖೋಲಿಯಾಗ ಎರಡ ಗಿಟಾರಿಗೆ ಜಾಗಾ ಇಲ್ಲ. ಆಗಸ್ಟ್ ಮೊದಲನೇ ರವಿವಾರ ತನಕ ಟೈಮ್ ಕೊಡ್ತೀನಿ. ಆ ಗುಂಯ್ ನಿಂದರಬೇಕು, ನೀ ಮಂದಿ ಕಡೆ ಮಾರಿ ಮಾಡಿ ನಿಂದರಬೇಕು, ಬ್ಲೂಸ್ ಬ್ಲೂಸ್‌ನಂಗ ಕೇಳಬೇಕು, ರಾಕ್ ರಾಕ್‌ನಂಗ ಕೇಳಬೇಕು. ಇಲ್ಲಾಂದ್ರ ಈ ಸಲ ಸ್ಟೇಜಿಗೆ ಆ ಹುಡುಗನ್ನ ಕರಕೊಂಡ ಹೋಗ್ತೀನಿ."

ಅಂದು ಬೇಗಂಪೇಟೆಯಿಂದ ಉಪ್ಪಲ್ ತಲುಪುವಷ್ಟರಲ್ಲಿ ದಿನಚರಿಯ ಬಲಗಡೆ ಒಂಬತ್ತು ಗೀಟು ಬಿದ್ದಿತ್ತು. ಪಿಕಪ್ ಬದಲಿಸಬೇಕೆಂಬುದು ತೀರ್ಮಾನವಾಯಿತು. ಯಾವ ಪಿಕಪ್ ಎಂಬ ಪ್ರಶ್ನೆ ಶುರುವಾಯಿತು.

ಅಂತರ್ಜಾಲದಲ್ಲಿ ಪಿಕಪ್ ಬಗ್ಗೆ ಬರೆಯುವವರು ಬೇರೆಯೇ ಒಂದು ಜಾತಿ. ಅವರು ಸದ್ದನ್ನು ಕೇಳುವುದಿಲ್ಲ, ತಿನ್ನುತ್ತಾರೆ. ಒಂದು ಪಿಕಪ್ ಬೆಣ್ಣೆಯಂತೆ, ಇನ್ನೊಂದು ಸುಟ್ಟ ಬ್ರೆಡ್ಡಿನಂತೆ, ಮತ್ತೊಂದು ಕೆಸರಿನಂತೆ. ಕೆಸರನ್ನು ಇವರು ಯಾವಾಗ ತಿಂದರೋ ತಿಳಿಯದು. ಒಬ್ಬ ಹೇಳುತ್ತಾನೆ, ಹಳೇ ಬಗೆಯ ಮೆದು ಅಯಸ್ಕಾಂತವಿಲ್ಲದೆ ಬ್ಲೂಸ್ ನುಡಿಸುವುದು ಪಾಪ. ಇನ್ನೊಬ್ಬ ಹೇಳುತ್ತಾನೆ, ಗಟ್ಟಿ ಸೆರಾಮಿಕ್ ಅಯಸ್ಕಾಂತವಿಲ್ಲದೆ ರಾಕ್ ನುಡಿಸುವುದು ಹೇಡಿತನ. ಸುತ್ತು ಜಾಸ್ತಿಯಿದ್ದರೆ ಸದ್ದು ಜಾಸ್ತಿ, ಆದರೆ ನಯ ಕಡಿಮೆ. ಸುತ್ತು ಕಡಿಮೆಯಿದ್ದರೆ ನಯ ಜಾಸ್ತಿ, ಆದರೆ ಗಂಟಲಿಲ್ಲ. ಬ್ಲೂಸ್ ಎಂದರೆ ಅಳಬೇಕು, ರಾಕ್ ಎಂದರೆ ಜಗಳವಾಡಬೇಕು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಬಲ್ಲವರನ್ನು ನಾನು ನಮ್ಮ ಸೋದರತ್ತೆಯ ಹೊರತು ಬೇರೆಲ್ಲೂ ಕಂಡಿಲ್ಲ. ಮೊದಲ ದಿನ ನನಗಿದ್ದದ್ದು ಗುಂಯ್ ಎಂಬ ಒಂದೇ ಹೆದರಿಕೆ. ಎರಡು ವಾರ ಓದಿದ ಮೇಲೆ ಹದಿನಾಲ್ಕು ಹೆದರಿಕೆಗಳಾದವು. ಅದರಲ್ಲಿ ಒಂದು, ಮೇಣ ಸರಿಯಾಗಿ ತುಂಬದ ಪಿಕಪ್ ವಾಲ್ಯೂಮ್ ಏರಿಸಿದಾಗ ಕಿರುಚಿಕೊಳ್ಳುತ್ತದೆ ಎಂಬುದು. ಇದನ್ನು ಓದಿದ ದಿನ ಕುಕ್ಕರ್ ಕೂಗಿದಾಗಲೂ ಬೆಚ್ಚಿದೆ.

ಕೊನೆಗೆ ನನಗೆ ಗೊತ್ತಿರುವ ಒಂದೇ ದಾರಿ ಹಿಡಿದೆ, ಕೋಷ್ಟಕ ಹಾಕಿದೆ. ನನ್ನ ಗಿಟಾರಿನ ಅಳತೆಗೆ ಕೂರುವ, ಒಳಗೆ ಎರಡು ಸುರುಳಿಯಿದ್ದು ಗುಂಯ್ ಅನ್ನು ತಾನೇ ನುಂಗಿಕೊಳ್ಳುವ ಹನ್ನೊಂದು ಪಿಕಪ್ಪುಗಳು. ಆರು ಗುಣಗಳು. ಒಂದೊಂದಕ್ಕೆ ಹತ್ತು ಅಂಕ. ಉಪ್ಪಲ್‌ನಲ್ಲಿ ಮೆಟ್ರೊ ಹತ್ತಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡರೆ ಬೇಗಂಪೇಟೆ ಬರುವಷ್ಟರಲ್ಲಿ ಒಂದು ಪಿಕಪ್ಪಿನ ಮಾದರಿ ಧ್ವನಿಮುದ್ರಿಕೆಗಳನ್ನು ಕೇಳಿ ಮುಗಿಸುತ್ತಿದ್ದೆ. ಕತ್ತಿನ ಕಡೆಗೆ ಬೇರೆ ಅಂಕ, ಕೆಳಗಿನ ಕಡೆಗೆ ಬೇರೆ ಅಂಕ. ಫಲಿತಾಂಶ ಬಂತು. ಕತ್ತಿನ ಕಡೆಗೆ ಒಂದು ಕಂಪನಿಯದು ಮೊದಲ ಸ್ಥಾನ, ಕೆಳಗಿನ ಕಡೆಗೆ ಇನ್ನೊಂದು ಕಂಪನಿಯದು ಮೊದಲ ಸ್ಥಾನ. ಎಲ್ಲರೂ ಒಂದೇ ಕಂಪನಿಯ ಜೋಡಿ ತಗೊಳ್ಳುತ್ತಾರೆ. ಆದರೆ ಎರಡು ಪರೀಕ್ಷೆಯಲ್ಲಿ ಇಬ್ಬರು ಮೊದಲು ಬಂದಾಗ ಒಬ್ಬರನ್ನು ಬಿಡುವುದು ಅನ್ಯಾಯವಲ್ಲವೇ? ಎರಡನ್ನೂ ತರಿಸಿದೆ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ, ಬೆಸುಗೆ ಹಾಕಿದ ಮೇಲೆ ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಬರೆದಿತ್ತು. ಒಂಬತ್ತು ದಿನ ಡಬ್ಬಿಗಳನ್ನು ತೆರೆಯದೆ ಕಪಾಟಿನಲ್ಲಿಟ್ಟೆ. ಆ ಒಂಬತ್ತು ದಿನ ನಾನು ಯಾವ ತಪ್ಪೂ ಮಾಡಲಿಲ್ಲ.

ಹತ್ತನೇ ದಿನ ತೆರೆದಾಗ ಪ್ರತಿ ಪಿಕಪ್ಪಿಗೂ ನಾಲ್ಕು ಬಣ್ಣದ ವೈರುಗಳಿದ್ದವು: ಕೆಂಪು, ಬಿಳಿ, ಹಸಿರು, ಕಪ್ಪು. ಮೊದಲ ಡಬ್ಬಿಯ ಕಾಗದವನ್ನು ಓದಿದೆ. ಕೆಂಪು ಬಿಳಿ ಒಂದಕ್ಕೊಂದು ಸೇರಿಸು, ಕಪ್ಪನ್ನು ಸ್ವಿಚ್ಚಿಗೆ ಕೊಡು, ಹಸಿರನ್ನು ಅರ್ಥಿಂಗ್‌ಗೆ ಕೊಡು. ಇದನ್ನು ದೊಡ್ಡದಾಗಿ, ಬಣ್ಣದ ಪೆನ್ನಿನಲ್ಲಿ ಚಿತ್ರ ಬರೆದು ಲ್ಯಾಮಿನೇಟ್ ಮಾಡಿಸಿದೆ. ಎರಡನೇ ಡಬ್ಬಿಯಲ್ಲೂ ಮಡಿಸಿದ ಒಂದು ಕಾಗದ ಇತ್ತು. ಅದೇ ನಾಲ್ಕು ಬಣ್ಣ ಇದ್ದ ಮೇಲೆ ಅದರಲ್ಲಿ ಇನ್ನೇನು ಹೊಸದಿರುತ್ತದೆ ಎಂದು ಮಡಿಕೆ ಬಿಚ್ಚಲಿಲ್ಲ.

ಜುಲೈ ಇಪ್ಪತ್ತಾರು, ಶನಿವಾರ, ಗಿಟಾರನ್ನು ಮಗುವಿನಂತೆ ಅಪ್ಪಿಕೊಂಡು ಸುಲ್ತಾನ್ ಬಜಾರಿನ ಜನಜಂಗುಳಿಯಲ್ಲಿ ನುಸುಳಿ ಖಾಜಾಸಾಬರ ಅಂಗಡಿಗೆ ಹೋದೆ. ಸೀರೆ ಅಂಗಡಿಯ ಮೇಲಿನ ಮಹಡಿ, ಕಡಿದಾದ ಮೆಟ್ಟಿಲು. ಮದುವೆ ಮಂಟಪಗಳ ಮೈಕು, ಆಂಪ್ಲಿಫೈಯರು ರಿಪೇರಿ ಮಾಡುವುದು ಅವರ ಕಸುಬು. ಹುಮನಾಬಾದಿನವರು, ಈ ಊರಿಗೆ ಬಂದು ಮೂವತ್ತು ವರ್ಷವಾಗಿದೆ. ನಾನು ಹೋದಾಗ ಅವರು ಒಂದು ಚೌಕದ ಬ್ಯಾಟರಿಯನ್ನು ನಾಲಗೆಗೆ ಹಚ್ಚಿ, "ಅರ್ಧಾ ಅದ" ಎಂದು ತೀರ್ಪು ಕೊಟ್ಟು ಪಕ್ಕಕ್ಕಿಡುತ್ತಿದ್ದರು. ನನಗೆ ಮೆಟ್ಟಿಲಿನ ಕಡೆ ಹೊರಳಿ ಓಡಬೇಕೆನ್ನಿಸಿತು. ಅಷ್ಟರಲ್ಲಿ ಅವರು ಗಿಟಾರನ್ನು ನನ್ನ ಕೈಯಿಂದ ತೆಗೆದುಕೊಂಡು, ಎಂಟು ಸ್ಕ್ರೂ ಬಿಚ್ಚಿ, ಅದರ ಹೊಟ್ಟೆಯನ್ನು ನನ್ನ ಕಣ್ಣೆದುರೇ ತೆರೆದಿಟ್ಟರು.

"ಯಾಕ ಹಿಂಗ ಬೆವರ್ಲಿಕತ್ತೀರಿ ಸರ? ಕೂಡ್ರಿ. ಚಾ ಹೇಳ್ಲಾ?"

ನಾನು ಲ್ಯಾಮಿನೇಟ್ ಮಾಡಿಸಿದ ಚಿತ್ರವನ್ನು ಮುಂದಿಟ್ಟೆ. ಅವರು ಅದನ್ನು ಕನ್ನಡಕ ಮೇಲೇರಿಸಿ ನೋಡಿ, ಮದುವೆ ಕಾರ್ಡಿನಂತೆ ಹಿಂದೆ ಮುಂದೆ ತಿರುಗಿಸಿದರು.

"ಕಾಗದ ಛಂದ ಅದ. ಇವೆರಡೂ ಒಂದ ಮನಿವೇನ್ರಿ?"

"ಬೇರೆ ಬೇರೆ ಕಂಪನಿ. ಆದರೆ ವೈರುಗಳ ಬಣ್ಣ ಒಂದೇ."

"ಬಣ್ಣಕ್ಕ ಏನ್ ಅದರಿ ಸರ? ಒಬ್ಬರ ಮನ್ಯಾಗಿನ ಹಸರು ಇನ್ನೊಬ್ಬರ ಮನ್ಯಾಗ ಕರೀದಿರ್ತದ. ಜರಾ ತಡೀರಿ, ಮುಳ್ಳಿನ ಮೀಟರ್ ಹಚ್ಚಿ, ಮ್ಯಾಲ ಸ್ಕ್ರೂಡ್ರೈವರ್ ತಾಗಿಸಿ ನೋಡ್ತೀನಿ. ಮುಳ್ಳ ಯಾವ ಕಡಿ ಓಡ್ತದ ಅಂತ ಗೊತ್ತಾಗ್ತದ."

ಹನ್ನೊಂದರಲ್ಲಿ ಮೊದಲು ಬಂದ ಪಿಕಪ್ಪಿನ ಮೇಲೆ ಸ್ಕ್ರೂಡ್ರೈವರ್! ಆಗಷ್ಟೇ ಬ್ಯಾಟರಿ ನೆಕ್ಕಿದವರು! ಕೂದಲಿಗಿಂತ ತೆಳು ತಾಮ್ರದ ತಂತಿ ಪಟ್ಟನೆ ಹರಿಯುವುದು ನನ್ನ ಕಿವಿಗೆ ಕೇಳಿಯೇಬಿಟ್ಟಿತು. "ಬೇಡ ಬೇಡ, ಅದೆಲ್ಲ ನೋಡಿಯಾಗಿದೆ, ಚಿತ್ರದ ಪ್ರಕಾರ ಮಾಡಿಬಿಡಿ" ಎಂದು ಅವರ ಕೈ ಹಿಡಿದೆ. ನೋಡಿಯಾಗಿರಲಿಲ್ಲ.

"ಆಯ್ತು. ಗಿಟಾರ್ ನಿಮ್ದು, ಕಾಗದ ನಿಮ್ದು. ನಾಳಿ ನನ್ನ ಮ್ಯಾಲ ಬರಬ್ಯಾಡ್ರಿ" ಎಂದು ಖಾಜಾಸಾಬ್ ಬೆಸುಗೆ ಕಡ್ಡಿ ಬಿಸಿ ಮಾಡಿದರು.

ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಅವರ ಆಂಪ್ಲಿಫೈಯರಿಗೆ ಸಿಕ್ಕಿಸಿ ಸ್ವಿಚ್ಚನ್ನು ಮೇಲೆ ತಳ್ಳಿ ನುಡಿಸಿದೆ. ಗುಂಯ್ ಇಲ್ಲ. ದನಿ ಗುಂಡಗೆ, ಎಳೆ ಬಿಸಿಲಿನಂತೆ ಬೆಚ್ಚಗಿತ್ತು. ಕೆಳಗೆ ತಳ್ಳಿ ನುಡಿಸಿದೆ. ಗುಂಯ್ ಇಲ್ಲ. ಚೂಪಾಗಿ, ಜಗಳಕ್ಕೆ ಸಿದ್ಧವಾಗಿತ್ತು. ದಿನಚರಿಯಲ್ಲಿ ಎರಡು ಸಾಲಿಗೂ ಸರಿ ಗುರುತು ಹಾಕಿ ಹೊರಟೆ. ಸ್ವಿಚ್ಚಿಗೆ ನಡುವೆ ಒಂದು ಜಾಗ ಇರುವುದು ನನಗೆ ನೆನಪಾಗಲಿಲ್ಲ. ಎರಡು ಭಾಗಗಳನ್ನು ಬೇರೆಬೇರೆ ಪರೀಕ್ಷಿಸಿ, ಒಟ್ಟಿಗೆ ಪರೀಕ್ಷಿಸದೆ ಕಳಿಸಿದ್ದಕ್ಕಾಗಿ ನಾನು ಅದೇ ತಿಂಗಳು ಕಚೇರಿಯಲ್ಲಿ ಒಬ್ಬ ಕಿರಿಯ ಸಹೋದ್ಯೋಗಿಗೆ ಇಪ್ಪತ್ತು ನಿಮಿಷ ಬುದ್ಧಿ ಹೇಳಿದ್ದೆ.

ಆಗಸ್ಟ್ ಮೂರು, ಭಾನುವಾರ. ಕೋಣೆಗೆ ಕಾರ್ತಿಕನನ್ನೂ ಕರೆದಿದ್ದರು. ಅವನು ಗಿಟಾರ್ ಮಡಿಲಲ್ಲಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದ. ಎರಡು ವರ್ಷದಲ್ಲಿ ಮೊದಲ ಸಲ ಗೋಡೆ ಬಿಟ್ಟು ಜನರ ಕಡೆ ತಿರುಗಿ ನಿಂತೆ. ಅಕ್ಕ ಅಮೀರ್‌ಪೇಟೆಯ ಹಾಡು ಎತ್ತಿಕೊಂಡರು. ಮೊದಲ ಚರಣ ಮೇಲಿನ ಪಿಕಪ್ಪಿನಲ್ಲಿ ಚೆನ್ನಾಗಿ ಹೋಯಿತು. ಹಾಡಿನ ನಡುವೆ ನಾನೊಬ್ಬನೇ ನುಡಿಸುವ ಜಾಗ ಬಂತು. ಅಲ್ಲಿ ಸ್ವಿಚ್ಚನ್ನು ಕೆಳಗೆ ತಳ್ಳಬೇಕು. ಬೆವರಿದ ಬೆರಳು ಅರ್ಧ ದಾರಿಯಲ್ಲಿ ಜಾರಿತು. ಸ್ವಿಚ್ಚು ನಡುವೆ ನಿಂತಿತು.

ಗಿಟಾರಿನ ದೇಹವೇ ಮಾಯವಾಯಿತು. ಗುಂಡಗಿನದೂ ಇಲ್ಲ, ಚೂಪಿನದೂ ಇಲ್ಲ. ಮೂಗು ಕಟ್ಟಿದವರು ಬಾಗಿಲ ಹಿಂದೆ ನಿಂತು, ಯಾರಿಗೂ ಕೇಳಿಸಬಾರದೆಂದು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಂತೆ ಒಂದು ಸಣಕಲು ದನಿ ಬಂತು. ಪಿಕಪ್ ಸತ್ತಿತು, ಖಾಜಾಸಾಬ್ ಏನೋ ಮಾಡಿದರು, ಕಾರ್ತಿಕ್ ಎದ್ದು ನಿಲ್ಲುತ್ತಾನೆ, ಮುಂದಿನ ಭಾನುವಾರದಿಂದ ಆ ಮೂರು ಗಂಟೆಯೂ ನೂರ ಅರವತ್ತೈದಕ್ಕೆ ಸೇರುತ್ತದೆ. ಸ್ವಿಚ್ಚನ್ನು ಸರಿಮಾಡಬಹುದಿತ್ತು. ಆದರೆ ಮುಟ್ಟಿದರೆ ತಪ್ಪಾಗಿದೆ ಎಂದು ಒಪ್ಪಿಕೊಂಡಂತೆ. ಮುಟ್ಟಲೂ ಹೆದರಿ, ನಿಲ್ಲಿಸಲೂ ಹೆದರಿ, ಅದೇ ದನಿಯಲ್ಲಿ ಕೊನೆಯವರೆಗೂ ನುಡಿಸಿದೆ. ಅವಸರಿಸಲೂ ಹೆದರಿಕೆ ಆದ್ದರಿಂದ ನಿಧಾನವಾಗಿ ನುಡಿಸಿದೆ.

ಹಾಡು ಮುಗಿಯಿತು. ನಾನು ಮನಸ್ಸಿನಲ್ಲೇ ಸೆಕೆಂಡು ಎಣಿಸುತ್ತಿದ್ದೆ, ಹನ್ನೊಂದರವರೆಗೆ ಬಂದಿದ್ದೆ. ವೈಶಾಲಿ ಅಕ್ಕ ದುಪಟ್ಟಾದ ತುದಿಯಿಂದ ಮೂಗು ಒರೆಸಿಕೊಂಡರು.

"ಯವ್ವಾ, ಏನ ಬಾರಿಸಿದ್ಯೋ ಮಧು! ಚಪ್ಪಲಿ ಕಳಕೊಂಡ ದಿನ ಸೈತ ನನಗ ಇಷ್ಟ ಅಳು ಬಂದಿದ್ದಿಲ್ಲ. ಎಲ್ಲಿಟ್ಟಿದ್ದಿ ಇದನ್ನ, ಎರಡ ವರ್ಷ?"

ಶ್ರೀನು ಕೋಲುಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದ. ಕಾರ್ತಿಕ್ ಮೂಲೆಯಿಂದ ಎದ್ದು ಬಂದ. "ಸೂಪರ್ ಉಂದಿ ಅನ್ನಾ" ಎಂದು ತೆಲುಗಿನಲ್ಲೇ ಹೊಗಳಿ ನನ್ನ ಕೈ ಕುಲುಕಿ, ಯಾವ ಪಿಕಪ್ಪು ಎಂದು ಕೇಳಿ ಎರಡೂ ಹೆಸರನ್ನು ಮೊಬೈಲಿನಲ್ಲಿ ಬರೆದುಕೊಂಡ. ಹೇಗೆ ಆರಿಸಿದಿರಿ ಎಂದ. ನಾನು ಕೋಷ್ಟಕ ತೆಗೆದು ತೋರಿಸಿದೆ. ಅವನ ಮುಖದಲ್ಲಿ ಭಕ್ತಿ ಮೂಡಿತು. ವೇದಿಕೆಗೆ ನಾನೇ ಎಂದು ಅಕ್ಕ ಅಲ್ಲೇ ಸಾರಿದರು.

ಮರುದಿನ ಕಚೇರಿಗೆ ಅರ್ಧ ದಿನ ರಜೆ ಹಾಕಿ ಸುಲ್ತಾನ್ ಬಜಾರಿಗೆ ಓಡಿದೆ. ಗೆದ್ದವನಿಗೆ ತಾನು ಹೇಗೆ ಗೆದ್ದೆ ಎಂದು ಗೊತ್ತಿಲ್ಲದಿದ್ದರೆ ಆ ಹೆದರಿಕೆ ಸೋತವನಿಗಿಂತ ಹೆಚ್ಚು. ಖಾಜಾಸಾಬ್ ಈ ಸಲ ನನ್ನ ಅಪ್ಪಣೆ ಕೇಳದೆ ಎಂಟೂ ಸ್ಕ್ರೂ ಬಿಚ್ಚಿ, ಮೀಟರ್ ಹಚ್ಚಿ, ಸ್ಕ್ರೂಡ್ರೈವರ್ ತಾಗಿಸಿದರು. ಒಂದು ಪಿಕಪ್ಪಿಗೆ ಮುಳ್ಳು ಬಲಕ್ಕೆ ಓಡಿತು, ಇನ್ನೊಂದಕ್ಕೆ ಎಡಕ್ಕೆ. ಅವರು ಹೊಟ್ಟೆ ಕುಣಿಸಿ ನಕ್ಕರು.

"ನೋಡ್ರಿ ಸರ, ಒಬ್ಬಾಂವ ಬಾ ಅಂತಾನ, ಇನ್ನೊಬ್ಬಾಂವ ಹೋಗು ಅಂತಾನ. ಒಬ್ಬೊಬ್ಬರನ್ನ ಬಿಟ್ರ ಇಬ್ಬರೂ ಶಾಣ್ಯಾರೇ. ಕೂಡಿಸಿದ್ರ ಒಬ್ಬರ ಮಾತ ಒಬ್ಬರು ತಿಂತಾರ, ಉಳಿದಿದ್ದಷ್ಟ ಹೊರಗ ಬರ್ತದ. ಎರಡನೇ ಕಂಪನಿದ ಹಸರು ಕರೀ ಎರಡೂ ಉಲ್ಟಾ ಅವ. ಐದ ಮಿನಿಟ್ ಕೂಡ್ರಿ, ಬರೋಬರ್ ಮಾಡಿ ಕೊಡ್ತೀನಿ."

ಅವರು ಬೆಸುಗೆ ಕಡ್ಡಿ ಎತ್ತಿದರು. ನಾನು ಗಿಟಾರನ್ನು ಎದೆಗವಚಿಕೊಂಡು ಗೋಡೆಗೆ ಒರಗಿದೆ. "ಬೇಡ! ಹಾಗೇ ಇರಲಿ!"

"ಅವತ್ತೂ ಬ್ಯಾಡ ಅಂದ್ರಿ, ಇವತ್ತೂ ಬ್ಯಾಡ ಅಂತೀರಿ. ಹುಚ್ಚ ಗಿಚ್ಚ ಹಿಡದದೇನ್ರಿ?"

ನುಡಿಸಿ ತೋರಿಸಿದೆ. ಸ್ವಿಚ್ಚನ್ನು ನಡುವೆ ನಿಲ್ಲಿಸಿ, ಅಕ್ಕನ ಹಾಡಿನ ನಾಲ್ಕು ಸಾಲು. ಖಾಜಾಸಾಬ್ ಕಡ್ಡಿಯನ್ನು ಅದರ ಗೂಡಿಗೆ ಇಟ್ಟು, ಕಣ್ಣು ಕಿರಿದು ಮಾಡಿ ಕೇಳಿದರು. ಕೆಳಗೆ ಸೀರೆ ಅಂಗಡಿಯವರು ಕೂಗುತ್ತಿದ್ದುದು ಒಂದು ಕ್ಷಣ ದೂರ ಹೋದಂತಾಯಿತು.

"ನಮ್ಮ ಅಪ್ಪಾನ ಹಳೇ ರೇಡಿಯೋದಾಗ ದೂರದ ಸ್ಟೇಷನ್ ಹಿಂಗೇ ಬರ್ತಿತ್ತು ಸರ" ಎಂದರು. ಆಮೇಲೆ ಎಂಟೂ ಸ್ಕ್ರೂಗಳನ್ನು ಮತ್ತೆ ಬಿಗಿದು, ಗಿಟಾರನ್ನು ನನ್ನ ಕೈಗೆ ಕೊಡುತ್ತ ಹೇಳಿದರು: "ತಪ್ಪ ಅದ. ಛಲೋ ಅದ. ಯಾರಿಗೂ ಹೇಳಬ್ಯಾಡ್ರಿ."

ವಾರ್ಷಿಕೋತ್ಸವ ಚೆನ್ನಾಗಿಯೇ ಆಯಿತು. ಸಂಜೆ ಐದರ ಬಿಸಿಲಿನಲ್ಲಿ ಮೊದಲ ಬಾರಿಗೆ ವೇದಿಕೆಯ ಮೇಲೆ ಜನರ ಕಡೆ ಮುಖ ಮಾಡಿ ನುಡಿಸಿದಾಗ, ಜನರಿಗೂ ಮುಖಗಳಿರುತ್ತವೆ ಎಂಬ ಭಯಂಕರ ಸತ್ಯ ತಿಳಿಯಿತು. ಗೋಡೆಯ ಬೆಲೆ ಅಂದು ಅರ್ಥವಾಯಿತು. ಆದರೂ ಚಪ್ಪಾಳೆ ಬಿತ್ತು. ಇಲ್ಲಿಗೆ ಮುಗಿದಿದ್ದರೆ ನಾನು ಸುಖಿ.

ಸೆಪ್ಟೆಂಬರ್ ಎರಡನೇ ವಾರ, ಕ್ಯಾಂಟೀನಿನಲ್ಲಿ ಇಡ್ಲಿ ಮುಂದಿಟ್ಟುಕೊಂಡಿದ್ದೆ. ಕಾರ್ತಿಕ್ ಬಂದು ಎದುರು ಕೂತ. ಮುಖ ಬಾಡಿತ್ತು. ಬೆಂಗಳೂರಿನ ಹಳೇ ರೂಮ್‌ಮೇಟುಗಳಿಂದ ಕಲಿತ ಕನ್ನಡದಲ್ಲಿ ಹೇಳಿದ: "ಅಣ್ಣ, ನಾನೂ ಅವೇ ಎರಡು ಪಿಕ್ಅಪ್ಸ್ ತರಿಸ್ದೆ. ಎರಡು ಕಂಪನಿ ಪೇಪರೂ ಪೂರ್ತಿ ಓದಿ ಕರೆಕ್ಟಾಗಿ ಹಾಕಿಸ್ದೆ. ಆದ್ರೂ ನಿಮ್ಮ ಸೌಂಡ್ ಬರ್ತಿಲ್ಲ. ನಿಮ್ಮ ಗಿಟಾರ್ ಒಂದ್ಸಲ ಬಿಚ್ಚಿ ನೋಡ್ಲಾ?"

ಬಿಚ್ಚಿದರೆ ಹಸಿರು ಕಾಣುತ್ತದೆ, ಕಪ್ಪು ಕಾಣುತ್ತದೆ, ಕಾಗದ ಓದದ ಟೆಸ್ಟರ್ ಕಾಣುತ್ತಾನೆ. ಎರಡು ವೈರು ಅದಲುಬದಲು ಮಾಡಿಕೊಂಡರೆ ಸಾಕು, ಮುಂದಿನ ವರ್ಷ ನನ್ನ ಜಾಗದಲ್ಲಿ ಅವನಿರುತ್ತಾನೆ, ನಗುವಿನ ಸಮೇತ. ಹೆದರಿದ ಮನುಷ್ಯ ಎಂಥ ಎತ್ತರದ ಮಾತಾಡಬಲ್ಲ ಎಂಬುದಕ್ಕೆ ಆ ಕ್ಷಣವೇ ಸಾಕ್ಷಿ. ನಾನು ಕೈಯಲ್ಲಿದ್ದ ಇಡ್ಲಿ ತುಂಡನ್ನು ತಟ್ಟೆಗೆ ಬಿಟ್ಟು, ಅನುಭವಿಗಳ ಗತ್ತಿನಲ್ಲಿ ತಲೆಯಾಡಿಸಿ ಹೇಳಿದೆ: "ಬಿಚ್ಚಿ ಏನು ನೋಡ್ತೀಯ ಕಾರ್ತಿಕ್? ಅದು ಪಿಕಪ್ಪಿನಲ್ಲಿ ಇಲ್ಲ. ಬೆರಳಿನಲ್ಲಿದೆ."

ಅವನು ಸಾಂಬಾರು ಮೆತ್ತಿದ ನನ್ನ ಬೆರಳುಗಳನ್ನೇ ಬಹಳ ಹೊತ್ತು ನೋಡಿದ. ಎದ್ದು ಹೋದ. ಅಬ್ಬಾ, ತಪ್ಪಿತು ಎಂದುಕೊಂಡೆ. ತಪ್ಪಿದ್ದು ನನ್ನ ಅಂದಾಜು. ಅವನು ಅದನ್ನು ನಂಬಿಬಿಟ್ಟಿದ್ದ. ಅಂದಿನಿಂದ ದಿನಾ ಕಚೇರಿಗೆ ಹೊರಡುವ ಮೊದಲು ಎರಡು ಗಂಟೆ ಅಭ್ಯಾಸ ಮಾಡುತ್ತಿದ್ದಾನಂತೆ. ಬೆರಳ ತುದಿಗಳಲ್ಲಿ ಜಡ್ಡು ಕಟ್ಟಿದೆ. ಕಳೆದ ಭಾನುವಾರ ಸುಮ್ಮನೆ ನೋಡಿ ಹೋಗಲು ಬಂದವನಿಗೆ ಅಕ್ಕ ಮತ್ತೆ ಒಂದು ಹಾಡು ಬಾರಿಸು ಎಂದರು. ಬಾರಿಸಿದ. ಎಲ್ಲೂ ತಾಳ ತಪ್ಪಲಿಲ್ಲ. ಒಂದು ಕಡೆ ತಂತಿಯನ್ನು ಎಳೆದು ನಿಲ್ಲಿಸಿ ನಡುಗಿಸಿದ ರೀತಿಗೆ ನಾನು ದಿನಚರಿ ತೆಗೆದು ಬಲಗಡೆ ಒಂದು ಗೀಟು ಎಳೆದೆ. ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿ, "ಆ ಹುಡುಗನ ಕೈ ಭಾಳ ಪಳಗಾಕತ್ತೈತಲೋ ಮಧು, ಯಾರ ಕಲಿಸಿದ್ರಂತ?" ಎಂದರು. ಅವನೇ ಕೇಳಿಸಿಕೊಂಡು, "ಮಧು ಅಣ್ಣಾನೇ ದಾರಿ ತೋರಿಸಿದ್ದು" ಅಂದ. ಎಂದಿನಂತೆ ನಗುತ್ತಿದ್ದ.

ನಿಜ ಹೇಳಿ ಅವನ ಅಭ್ಯಾಸ ನಿಲ್ಲಿಸಿಬಿಡೋಣ ಎಂದು ಈ ವಾರವೆಲ್ಲ ಯೋಚಿಸಿದೆ. ಎರಡು ವೈರು ಬದಲಿಸು ಮಾರಾಯ, ಆ ದನಿ ಬರುತ್ತೆ, ಸುಮ್ಮನೆ ಯಾಕೆ ಬೆರಳು ಸವೆಸುತ್ತೀಯ ಎಂದು. ಆದರೆ ಈಗ ಹೇಳಿದರೆ ಅವನ ಹತ್ತಿರ ಬೆರಳೂ ಇರುತ್ತದೆ, ವೈರೂ ಇರುತ್ತದೆ. ಹೇಳದಿದ್ದರೆ ಬೆರಳು ಇನ್ನಷ್ಟು ಪಳಗುತ್ತದೆ. ಎರಡು ಕಡೆಯಿಂದಲೂ ಹೆದರಿ ನೋಡಿ, ಕೊನೆಗೆ ಮೊನ್ನೆಯಿಂದ ನಾನೂ ಬೆಳಿಗ್ಗೆ ಐದೂವರೆಗೆ ಎದ್ದು ಅಭ್ಯಾಸಕ್ಕೆ ಕೂರುತ್ತಿದ್ದೇನೆ. ಬೆರಳಿನಲ್ಲಿದೆ ಎಂದು ಹೇಳಿಬಿಟ್ಟ ಮೇಲೆ, ಬೆರಳಿನಲ್ಲಿ ಏನಾದರೂ ಇರಬೇಕಲ್ಲ.